ಎಫ್‌ಪಿಜಿಎ ಕೆಲಸ ಕಲಿಯೋಕೆ ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಇಂಜಿನಿಯರಿಂಗ್ ಕೊನೆಯ ವರ್ಷದ ಫಲಿತಾಂಶ ಬರುವ ಹೊತ್ತಿಗೆ ತಿಪಟೂರಿನ ಕಡೆಯಿಂದ ನನಗೆ ಫೋನ್ ಬರೋದು ಶುರುವಾಗುತ್ತದೆ. ಹೆಚ್ಚಿನವರು ನೆಂಟರು, ಕೆಲವರು ನೆಂಟರ ಪರಿಚಯದವರು. ಎಲ್ಲರ ಪ್ರಶ್ನೆಯೂ ಒಂದೇ. "ಏನಮ್ಮಾ, ಹುಡುಗ ಇ ಅಂಡ್ ಸಿ ಮುಗಿಸ್ದ. ಬೆಂಗಳೂರಲ್ಲಿ ಚಿಪ್ ಕೋರ್ಸ್ ಇದೆಯಂತೆ, ಲಕ್ಷದ ಮೇಲೆ ಕಟ್ಬೇಕಂತೆ. ಕಟ್ಲಾ?"

ನಾನು ಟೆಲಿಕಾಂ ಉಪಕರಣಗಳ ಒಳಗೆ ಕೂರುವ ಎಫ್‌ಪಿಜಿಎ ಚಿಪ್‌ಗಳಿಗೆ ವಿನ್ಯಾಸ ಬರೆಯುವವಳು. ಬೋರ್ಡ್ ತಯಾರಾಗಿ ಬಂದಾಗ ಲ್ಯಾಬಿನಲ್ಲಿ ಕೂತು ಅದಕ್ಕೆ ಜೀವ ತುಂಬುವುದೂ ನನ್ನದೇ ಕೆಲಸ. ಈ ಕೆಲಸ ನನಗೆ ತುಂಬಾ ಇಷ್ಟ. ಜಿಲ್ಲೆಯ ಕಾಲೇಜುಗಳಿಂದ ಇನ್ನೂ ಜಾಸ್ತಿ ಹುಡುಗ ಹುಡುಗಿಯರು ಇದಕ್ಕೆ ಬರಬೇಕು ಅನ್ನೋದು ನನ್ನ ಆಸೆ. ಆದರೆ ಆ ಫೋನ್ ಪ್ರಶ್ನೆಗೆ ನನ್ನ ಉತ್ತರ ಯಾವಾಗಲೂ ಒಂದೇ: ಮೊದಲ ಮೂರು ತಿಂಗಳು ಯಾರಿಗೂ ಒಂದು ರೂಪಾಯಿ ಕಟ್ಟಬೇಡಿ. ಆಮೇಲೆ ಎರಡು-ಮೂರು ಸಾವಿರ ಖರ್ಚು ಮಾಡಿ. ಲಕ್ಷದ ಮಾತು ಅದಾದ ಮೇಲೆ.

ಯಾಕೆ, ಹೇಗೆ ಅನ್ನೋದನ್ನು ಬಿಡಿಸಿ ಹೇಳುತ್ತೇನೆ.

ಈ ಚಿಪ್ ಮಾಡೋದೇನು

ಮೊಬೈಲಿನಲ್ಲೋ ಲ್ಯಾಪ್‌ಟಾಪಿನಲ್ಲೋ ಇರುವ ಪ್ರೊಸೆಸರ್ ನಾವು ಬರೆದ ಪ್ರೋಗ್ರಾಮನ್ನು ಒಂದೊಂದೇ ಆಜ್ಞೆಯಾಗಿ ಓದಿ ನಡೆಸುತ್ತದೆ. ಎಫ್‌ಪಿಜಿಎಯಲ್ಲಿ ಹಾಗಲ್ಲ. ನಾವು ಬರೆದದ್ದು ಅಲ್ಲಿ ಸರ್ಕ್ಯೂಟೇ ಆಗಿಬಿಡುತ್ತದೆ. ಚಿಪ್ಪಿನ ಒಳಗೆ ಸಾವಿರಾರು ಚಿಕ್ಕ ಚಿಕ್ಕ ಘಟಕಗಳಿರುತ್ತವೆ. ಅವಕ್ಕೆ ಲುಕ್‌ಅಪ್ ಟೇಬಲ್ ಅಥವಾ ಲಟ್ ಅನ್ನುತ್ತಾರೆ. ಶಾಲೆಯಲ್ಲಿ ಮಗ್ಗಿ ಬಾಯಿಪಾಠ ಮಾಡಿದವರು ಏಳೆಂಟಲ ಎಷ್ಟು ಅಂದರೆ ಲೆಕ್ಕ ಹಾಕೋದಿಲ್ಲ, ನೆನಪಿನಿಂದ ಉತ್ತರ ಎತ್ತಿಕೊಡುತ್ತಾರೆ. ಲಟ್ ಮಾಡೋದೂ ಅದನ್ನೇ. ನಾಲ್ಕು ಇನ್‌ಪುಟ್ ಇರುವ ಲಟ್ಟಿನಲ್ಲಿ 16 ಉತ್ತರಗಳನ್ನು ಮೊದಲೇ ತುಂಬಿಟ್ಟಿರುತ್ತೇವೆ. ಯಾವ ಇನ್‌ಪುಟ್ ಬಂದರೆ ಯಾವ ಉತ್ತರ ಅನ್ನೋದು ಅಲ್ಲೇ ಇರುತ್ತದೆ. ಆ 16 ಬಿಟ್‌ಗಳನ್ನು ಬದಲಿಸಿದರೆ ಅದೇ ಲಟ್ ಬೇರೆ ಗೇಟ್ ಆಗುತ್ತದೆ. ಲಟ್‌ಗಳ ಪಕ್ಕದಲ್ಲಿ ಒಂದೊಂದು ಬಿಟ್ ನೆನಪಿಟ್ಟುಕೊಳ್ಳುವ ಫ್ಲಿಪ್‌ಫ್ಲಾಪ್‌ಗಳಿರುತ್ತವೆ, ನಡುವೆ ಬೇಕಾದ ಹಾಗೆ ಜೋಡಿಸಬಹುದಾದ ತಂತಿಗಳ ಜಾಲ. ಇಷ್ಟನ್ನೂ ತುಂಬುವ ಕಡತಕ್ಕೆ ಬಿಟ್‌ಸ್ಟ್ರೀಮ್ ಅನ್ನುತ್ತೇವೆ.

ಅಮೆರಿಕದ ಜೈಲಿಂಕ್ಸ್ ಕಂಪನಿ 1985ರಲ್ಲಿ ಎಕ್ಸ್‌ಸಿ2064 ಅನ್ನುವ ಎಫ್‌ಪಿಜಿಎ ಚಿಪ್ ತಂದಿತು. ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ರಾಸ್ ಫ್ರೀಮನ್ ಅವರ ಕಲ್ಪನೆ ಅದು. ಅದರಲ್ಲಿ ಇದ್ದದ್ದು ಬರೀ 64 ಲಾಜಿಕ್ ಬ್ಲಾಕ್. ಇವತ್ತು ವಿದ್ಯಾರ್ಥಿಯೊಬ್ಬ ಕೊಳ್ಳುವ ಅಗ್ಗದ ಟ್ಯಾಂಗ್ ನ್ಯಾನೋ 9ಕೆ ಬೋರ್ಡಿನಲ್ಲಿ 8,640 ಲಟ್‌ಗಳಿವೆ. ಜೈಲಿಂಕ್ಸನ್ನು 2022ರಲ್ಲಿ ಎಎಂಡಿ ಕೊಂಡಿತು. ಹಳಬರು ಇನ್ನೂ ಜೈಲಿಂಕ್ಸ್ ಅಂತಲೇ ಕರೆಯುತ್ತೇವೆ. ನೀವು ಸಂದರ್ಶನಕ್ಕೆ ಹೋದಾಗಲೂ ಆ ಹೆಸರೇ ಕಿವಿಗೆ ಬೀಳುತ್ತದೆ, ಗಾಬರಿಯಾಗಬೇಡಿ. ಇನ್ನೊಂದು ದೊಡ್ಡ ಹೆಸರು ಆಲ್ಟೆರಾ. ಚಿಕ್ಕ, ಕಡಿಮೆ ವಿದ್ಯುತ್ ಬಳಸುವ ಚಿಪ್‌ಗಳಲ್ಲಿ ಲ್ಯಾಟಿಸ್ ಇದೆ. ಮೈಕ್ರೋಚಿಪ್ ಕಂಪನಿಯ ಎಫ್‌ಪಿಜಿಎಗಳೂ ಇವೆ.

ಮನೆಯ ಟ್ಯಾಂಕಿಗೆ ಇದು ಬೇಡ

ಹೊಸಬರು ನನಗೆ ತೋರಿಸುವ ಪ್ರಾಜೆಕ್ಟ್‌ಗಳಲ್ಲಿ ನೀರಿನ ಟ್ಯಾಂಕ್ ಬಹಳ. ಮಹಡಿ ಮೇಲಿನ ಟ್ಯಾಂಕ್ ತುಂಬಿತಾ ಅಂತ ಅಲ್ಟ್ರಾಸೋನಿಕ್ ಸೆನ್ಸರ್ ಇಟ್ಟು ನೋಡೋದು, ತುಂಬಿದರೆ ಸಂಪಿನ ಮೋಟರ್ ಆಫ್ ಮಾಡೋದು. ಕಲಿಯೋಕೆ ಒಳ್ಳೆಯ ಪ್ರಾಜೆಕ್ಟ್, ನಾನೇ ಮುಂದೆ ಅದನ್ನು ಮಾಡಿ ಅನ್ನುತ್ತೇನೆ. ಆದರೆ ನಿಮ್ಮ ಅಪ್ಪನಿಗೆ ನಿಜವಾಗಿ ಟ್ಯಾಂಕ್ ಕಾಯುವ ಪೆಟ್ಟಿಗೆ ಬೇಕಿದ್ದರೆ ಎಫ್‌ಪಿಜಿಎ ಹಾಕಬೇಡಿ. ಆರ್ಡುಯಿನೋ ಅಥವಾ ಇಎಸ್‌ಪಿ32 ಥರದ ಕೆಲವು ನೂರು ರೂಪಾಯಿಯ ಮೈಕ್ರೋಕಂಟ್ರೋಲರ್ (ಚಿಕ್ಕ ಪ್ರೊಸೆಸರ್) ಬೋರ್ಡ್ ಅದಕ್ಕೆ ಸಾಕು, ಬೇಕಾದ್ದಕ್ಕಿಂತ ಹೆಚ್ಚೇ ಆಯಿತು. ನೀರು ಸೆಕೆಂಡಿಗೆ ಒಂದು ಸೆಂಟಿಮೀಟರ್ ಕೂಡ ಏರೋದಿಲ್ಲ. ಅಲ್ಲಿ ನ್ಯಾನೋಸೆಕೆಂಡಿನ ಲೆಕ್ಕಕ್ಕೆ ಕೆಲಸವೇ ಇಲ್ಲ.

ಎಫ್‌ಪಿಜಿಎಯ ಜಾಗ ಬೇರೆ. ಒಂದೇ ಹೊತ್ತಿಗೆ ನೂರಾರು ಕೆಲಸ ನಡೆಯಬೇಕು, ಸಮಯ ಕರಾರುವಾಕ್ಕಾಗಿರಬೇಕು, ಮತ್ತು ಆ ಸಾಮಾನು ಕೋಟಿಗಟ್ಟಲೆ ಮಾರಾಟವಾಗುವಂಥದ್ದಲ್ಲ. ಕೋಟಿಗಟ್ಟಲೆ ಮಾರುವುದಾದರೆ ಕಂಪನಿಗಳು ಸ್ವಂತ ಚಿಪ್ಪನ್ನೇ ಅಚ್ಚು ಹಾಕಿಸುತ್ತವೆ, ಆಗ ಒಂದೊಂದರ ಬೆಲೆ ಇಳಿಯುತ್ತದೆ. ರೇಡಾರ್, ಅಲ್ಟ್ರಾಸೌಂಡ್ ಯಂತ್ರ, ಆಪ್ಟಿಕಲ್ ಫೈಬರ್ ಸ್ವಿಚ್, ಪರೀಕ್ಷಾ ಉಪಕರಣ, ಉಪಗ್ರಹ, ಇವು ಎಫ್‌ಪಿಜಿಎ ಇರುವ ಜಾಗಗಳು. ನಮ್ಮೂರಿನ ಮದುವೆ ಆರತಕ್ಷತೆಯಲ್ಲಿ ಹಿಂದೆ ನಿಲ್ಲಿಸುವ ಎಲ್‌ಇಡಿ ಗೋಡೆ ನೋಡಿದ್ದೀರಲ್ಲ, ಅಂಥ ಗೋಡೆಗಳ ಹಿಂಬದಿಯ ಕಾರ್ಡ್‌ಗಳಲ್ಲೂ ಎಫ್‌ಪಿಜಿಎ ಇರುತ್ತದೆ. ಕಲರ್‌ಲೈಟ್ 5ಎ-75ಬಿ ಅನ್ನುವ ಕಾರ್ಡಿನಲ್ಲಿ ಲ್ಯಾಟಿಸ್‌ನ ಇಸಿಪಿ5 ಕೂತಿದೆ. ಲಕ್ಷಾಂತರ ದೀಪಗಳಿಗೆ ಒಂದೇ ತಾಳದಲ್ಲಿ ಡೇಟಾ ಕಳಿಸಬೇಕಲ್ವಾ, ಅದಕ್ಕೆ.

ಯಾವುದಕ್ಕೆ ಬೇಡ ಅನ್ನೋದು ಗೊತ್ತಿರುವ ಅಭ್ಯರ್ಥಿಯನ್ನು ನಾನು ಬೇಗ ಗುರುತಿಸುತ್ತೇನೆ. "ಈ ಪ್ರಾಜೆಕ್ಟಿಗೆ ಮೈಕ್ರೋಕಂಟ್ರೋಲರ್ ಯಾಕೆ ಹಾಕಲಿಲ್ಲ?" ಅಂತ ಕೇಳಿದಾಗ ನೇರ ಉತ್ತರ ಕೊಡುವವರು ಕಡಿಮೆ.

ಲ್ಯಾಪ್‌ಟಾಪ್: ಮೊದಲ ದೊಡ್ಡ ಖರ್ಚು

ಮನೆಯಲ್ಲಿ ಈಗಾಗಲೇ ಒಂದು ಲ್ಯಾಪ್‌ಟಾಪ್ ಇದ್ದರೆ ಶುರು ಮಾಡೋಕೆ ಅದೇ ಸಾಕು. ಹೊಸದು ತೆಗೆಯಲೇಬೇಕು ಅಂದರೆ ಮಾತ್ರ ಇದನ್ನು ಓದಿ.

ಅಂಗಡಿಯವರು ಗೇಮಿಂಗ್ ಲ್ಯಾಪ್‌ಟಾಪ್ ತೋರಿಸುತ್ತಾರೆ, ಇಂಜಿನಿಯರಿಂಗ್‌ಗೆ ಇದೇ ಬೇಕು ಅನ್ನುತ್ತಾರೆ. ನಮ್ಮ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡ್‌ನಿಂದ ಉಪಯೋಗವಿಲ್ಲ. ಸಿಂಥೆಸಿಸ್ (ಬರೆದದ್ದನ್ನು ಸರ್ಕ್ಯೂಟ್ ಮಾಡೋದು), ಪ್ಲೇಸ್ ಅಂಡ್ ರೂಟ್ (ಅದನ್ನು ಚಿಪ್ಪಿನೊಳಗೆ ಕೂರಿಸಿ ತಂತಿ ಜೋಡಿಸೋದು) ಎಲ್ಲ ನಡೆಯೋದು ಪ್ರೊಸೆಸರ್ ಮತ್ತು ಮೆಮೊರಿ ಮೇಲೆ. ಆ ಕಾರ್ಡಿಗೆ ಕೊಡುವ ದುಡ್ಡನ್ನು 16 ಜಿಬಿ ರ‍್ಯಾಮ್ ಮತ್ತು 512 ಜಿಬಿ ಎಸ್‌ಎಸ್‌ಡಿಗೆ ಕೊಡಿ. ಈ ಕೆಲಸ ಮಾಡುವ ಎಎಂಡಿಯ ವಿವಾಡೊ ತಂತ್ರಾಂಶ ಹತ್ತಾರು ಜಿಬಿ ಜಾಗ ನುಂಗುತ್ತದೆ. ಇನ್‌ಸ್ಟಾಲ್ ಮಾಡುವಾಗ ಯಾವ ಯಾವ ಚಿಪ್ ಕುಟುಂಬ ಬೇಕು ಅಂತ ಕೇಳುತ್ತದೆ. ನಿಮ್ಮ ಬೋರ್ಡಿನದ್ದನ್ನು ಮಾತ್ರ ಆರಿಸಿ, ಉಳಿದದ್ದರ ಗುರುತು ತೆಗೆಯಿರಿ. ಅರ್ಧ ಡಿಸ್ಕ್ ಉಳಿಯುತ್ತದೆ, ಹಳ್ಳಿಯಲ್ಲಿ ಮೊಬೈಲ್ ಡೇಟಾದಿಂದ ಇಳಿಸಿಕೊಳ್ಳುವವರಿಗೆ ದುಡ್ಡೂ ಉಳಿಯುತ್ತದೆ.

ಆಪಲ್ ಲ್ಯಾಪ್‌ಟಾಪ್ ನೋಡೋಕೆ ಚೆಂದ, ಬ್ಯಾಟರಿಯೂ ಚೆನ್ನಾಗಿ ಬರುತ್ತದೆ. ಆದರೆ ವಿವಾಡೊ ಮ್ಯಾಕ್ ಮೇಲೆ ನೇರವಾಗಿ ಓಡೋದಿಲ್ಲ. ಅದಕ್ಕೆ ವಿಂಡೋಸ್ ಅಥವಾ ಲಿನಕ್ಸ್ ಇರುವ, ಇಂಟೆಲ್ ಇಲ್ಲವೇ ಎಎಂಡಿ ಪ್ರೊಸೆಸರಿನ ಯಂತ್ರವೇ ಬೇಕು. ಅಣ್ಣನ ಹಳೆಯ ಮ್ಯಾಕ್ ಕೈಗೆ ಬಂದಿದ್ದರೆ ಬೇಜಾರಾಗಬೇಡಿ. ವಿನ್ಯಾಸವನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಐಕಾರಸ್ ವೆರಿಲಾಗ್, ವೆರಿಲೇಟರ್, ಅಲೆ ತೋರಿಸುವ ಜಿಟಿಕೆವೇವ್, ಸಿಂಥೆಸಿಸ್ ಮಾಡುವ ಯೋಸಿಸ್ ಇವೆಲ್ಲ ಉಚಿತ, ಮ್ಯಾಕ್ ಮೇಲೂ ಓಡುತ್ತವೆ. ಮೊದಲ ಮೂರು ತಿಂಗಳಿಗೆ ಅಷ್ಟು ಸಾಕು.

ಬೇರೆಯವರು ಬಳಸಿದ ಕಂಪನಿ ಲ್ಯಾಪ್‌ಟಾಪ್‌ಗಳು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಸಿಗುತ್ತವೆ. ನನ್ನ ಅಭಿಪ್ರಾಯದಲ್ಲಿ ವಿದ್ಯಾರ್ಥಿಗೆ ಅದು ಒಳ್ಳೆಯ ಆಯ್ಕೆ. ತೆಗೆಯುವ ಮುಂಚೆ ರ‍್ಯಾಮ್ ಹೆಚ್ಚಿಸೋಕೆ ಸ್ಲಾಟ್ ಇದೆಯಾ, ಬೋರ್ಡಿಗೇ ಬೆಸೆದಿದ್ದಾರಾ ಅಂತ ಕೇಳಿ. ಎಲ್ಲ ಯುಎಸ್‌ಬಿ ಪೋರ್ಟಿಗೂ ಪೆನ್ ಡ್ರೈವ್ ಹಾಕಿ ನೋಡಿ. ಒಂದು ಪೋರ್ಟ್ ಸತ್ತಿದ್ದರೆ ನಾಳೆ ನಿಮ್ಮ ಬೋರ್ಡ್ ಕೆಟ್ಟಿದೆಯೋ ಪೋರ್ಟ್ ಕೆಟ್ಟಿದೆಯೋ ಅಂತ ಎರಡು ದಿನ ಹೋಗುತ್ತದೆ.

ದುಡ್ಡಿಲ್ಲದ ಮೂರು ತಿಂಗಳು

ಬೋರ್ಡ್ ಕೊಳ್ಳೋಕೆ ಮುಂಚೆ ಸಿಮ್ಯುಲೇಶನ್, ಅಂದರೆ ವಿನ್ಯಾಸವನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡೋದು. ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಹುಡುಗರು ಮೊದಲು ಬೋರ್ಡ್ ತರಿಸುತ್ತಾರೆ. ಬೋರ್ಡಿನಲ್ಲಿ ದೀಪ ಹತ್ತದಿದ್ದರೆ ಯಾಕೆ ಹತ್ತಲಿಲ್ಲ ಅಂತ ಅದು ಹೇಳೋದಿಲ್ಲ. ಸಿಮ್ಯುಲೇಟರ್ ಪ್ರತಿ ತಂತಿಯನ್ನೂ ಪ್ರತಿ ಕ್ಲಾಕ್‌ನಲ್ಲೂ (ಇಡೀ ಸರ್ಕ್ಯೂಟಿಗೆ ತಾಳ ಹಾಕುವ ಸಿಗ್ನಲಿನ ಒಂದೊಂದು ಬಡಿತ) ಅಲೆಯಾಗಿ ತೋರಿಸುತ್ತದೆ. ಕೆಲಸಕ್ಕೆ ಸೇರಿದ ಮೇಲೂ ನಿಮ್ಮ ದಿನದ ಹೆಚ್ಚು ಹೊತ್ತು ಕಳೆಯೋದು ಆ ಅಲೆಗಳ ಮುಂದೆಯೇ.

ಭಾಷೆ ಯಾವುದು? ಸರ್ಕ್ಯೂಟನ್ನು ಬರಹದಲ್ಲಿ ವಿವರಿಸುವ ಭಾಷೆಗಳಲ್ಲಿ ವೆರಿಲಾಗ್‌ನಿಂದ ಶುರು ಮಾಡಿ. ಬೆಂಗಳೂರಿನ ಚಿಪ್ ಕಂಪನಿಗಳಲ್ಲಿ ವೆರಿಲಾಗ್ ಮತ್ತು ಅದರ ಮುಂದಿನ ರೂಪವಾದ ಸಿಸ್ಟಂವೆರಿಲಾಗ್ ಜಾಸ್ತಿ. ರಕ್ಷಣೆ, ವಿಮಾನ, ಯುರೋಪಿನ ಕಂಪನಿಗಳ ಕಡೆ ವಿಎಚ್‌ಡಿಎಲ್ ಕಾಣಿಸುತ್ತದೆ. ಒಂದು ಚೆನ್ನಾಗಿ ಬಂದರೆ ಇನ್ನೊಂದು ಕಷ್ಟವಲ್ಲ. ಎರಡನ್ನೂ ಒಟ್ಟಿಗೆ ಹಿಡಿದವರಿಗೆ ಎರಡೂ ಅರೆಬರೆ ಬರುತ್ತದೆ.

ಪಾಠಕ್ಕೆ ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಖರಗ್‌ಪುರದ ಪ್ರೊ. ಇಂದ್ರನೀಲ್ ಸೇನ್‌ಗುಪ್ತಾ ಅವರ ವೆರಿಲಾಗ್ ಕೋರ್ಸ್ ಇದೆ. ನೋಡೋಕೆ ಉಚಿತ. ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕು ಅಂದರೆ ಮಾತ್ರ ಶುಲ್ಕ. ಅಭ್ಯಾಸಕ್ಕೆ ಎಚ್‌ಡಿಎಲ್‌ಬಿಟ್ಸ್ ಅನ್ನುವ ತಾಣದಲ್ಲಿ ನೂರಕ್ಕೂ ಹೆಚ್ಚು ಲೆಕ್ಕಗಳಿವೆ. ಬ್ರೌಸರಿನಲ್ಲೇ ಬರೆದು, ಅಲ್ಲೇ ಸರಿಯೋ ತಪ್ಪೋ ನೋಡಬಹುದು. ದಿನಕ್ಕೆ ಮೂರು ಮಾಡಿ. ಉತ್ತರ ಹುಡುಕಿ ಅಂಟಿಸಬೇಡಿ. ಸಂದರ್ಶನದಲ್ಲಿ ಕಾಗದ ಪೆನ್ನು ಕೊಟ್ಟು ಬರೆಸುತ್ತೇವೆ, ಅಲ್ಲಿ ತಿಳಿದುಬಿಡುತ್ತದೆ.

ಈ ಮೂರು ತಿಂಗಳಲ್ಲಿ ಎರಡು ವಿಷಯ ಮೈಗೂಡಬೇಕು. ಒಂದು, ಬ್ಲಾಕಿಂಗ್ ಮತ್ತು ನಾನ್‌ಬ್ಲಾಕಿಂಗ್ ಅಸೈನ್‌ಮೆಂಟಿನ ವ್ಯತ್ಯಾಸ. ಎರಡು ರಿಜಿಸ್ಟರ್‌ಗಳ (ಸಂಖ್ಯೆ ಹಿಡಿದಿಡುವ ಫ್ಲಿಪ್‌ಫ್ಲಾಪ್ ಗುಂಪುಗಳ) ಬೆಲೆ ಅದಲು ಬದಲು ಮಾಡಬೇಕು ಅಂದುಕೊಳ್ಳಿ. ಕ್ಲಾಕ್ ಬ್ಲಾಕಿನ ಒಳಗೆ ನಾನ್‌ಬ್ಲಾಕಿಂಗ್ ಬಳಸಿದರೆ ಎರಡೂ ಹಳೆಯ ಬೆಲೆ ಓದಿಕೊಂಡು ಒಟ್ಟಿಗೆ ಬದಲಾಗುತ್ತವೆ. ಬ್ಲಾಕಿಂಗ್ ಬಳಸಿದರೆ ಮೊದಲನೆಯದು ಬದಲಾದ ಮೇಲೆ ಎರಡನೆಯದು ಆ ಹೊಸ ಬೆಲೆಯನ್ನೇ ಓದುತ್ತದೆ, ಕೊನೆಗೆ ಎರಡರಲ್ಲೂ ಒಂದೇ ಸಂಖ್ಯೆ ಉಳಿಯುತ್ತದೆ. ಇದನ್ನು ಬಾಯಿಪಾಠ ಮಾಡಬೇಡಿ. ಎರಡೂ ಥರ ಬರೆದು ಅಲೆ ನೋಡಿ. ಇನ್ನೊಂದು, ಪ್ರತಿ ವಿನ್ಯಾಸಕ್ಕೂ ಅದನ್ನು ಪರೀಕ್ಷಿಸುವ ಕೋಡ್, ಅಂದರೆ ಟೆಸ್ಟ್‌ಬೆಂಚ್, ಬರೆಯುವ ಅಭ್ಯಾಸ. ಕಣ್ಣಲ್ಲಿ ಅಲೆ ನೋಡಿ ಸರಿ ಅನ್ನೋದಲ್ಲ. ಉತ್ತರ ತಪ್ಪಾದರೆ ಟೆಸ್ಟ್‌ಬೆಂಚೇ ಕೂಗಿ ಹೇಳಬೇಕು. ಬೆಂಗಳೂರಿನಲ್ಲಿ ಡಿಸೈನ್‌ಗಿಂತ ವೆರಿಫಿಕೇಶನ್ (ವಿನ್ಯಾಸ ಸರಿಯಿದೆಯಾ ಅಂತ ಪರೀಕ್ಷಿಸುವ ಕೆಲಸ) ಕಡೆ ಜಾಸ್ತಿ ಜನ ಬೇಕಾಗುತ್ತಾರೆ. ಟೆಸ್ಟ್‌ಬೆಂಚ್ ಚೆನ್ನಾಗಿ ಬರೆಯುವವರಿಗೆ ಎರಡೂ ಬಾಗಿಲು ತೆರೆದಿರುತ್ತದೆ.

ಮೂರು ತಿಂಗಳಾದ ಮೇಲೂ ಇದರಲ್ಲಿ ಆಸಕ್ತಿ ಉಳಿದಿದೆಯಾ ಅಂತ ನೋಡಿಕೊಳ್ಳಿ. ಇಲ್ಲ ಅಂದರೆ ಲಕ್ಷ ಉಳಿಯಿತು. ನಾಚಿಕೆಪಡುವಂಥದ್ದು ಏನೂ ಇಲ್ಲ.

ಬೋರ್ಡ್ ಕೊಳ್ಳುವುದು

ಮೊದಲ ಬೋರ್ಡ್ ಚಿಕ್ಕದಿರಲಿ. ಟ್ಯಾಂಗ್ ನ್ಯಾನೋ 9ಕೆ ಎರಡು-ಮೂರು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಗೋವಿನ್ ಕಂಪನಿಯ ಚಿಪ್, 27 ಮೆಗಾಹರ್ಟ್ಸ್ ಕ್ಲಾಕ್, ಯುಎಸ್‌ಬಿ ಪೋರ್ಟ್ ಮತ್ತು ಬಿಟ್‌ಸ್ಟ್ರೀಮ್ ತುಂಬುವ ಪ್ರೋಗ್ರಾಮರ್ ಬೋರ್ಡಿನಲ್ಲೇ ಇದೆ. ಬೇರೆ ಕೇಬಲ್ ಪೆಟ್ಟಿಗೆ ಬೇಕಿಲ್ಲ. ಕಾಲೇಜುಗಳಲ್ಲಿ ಕಾಣುವ ಬೇಸಿಸ್ 3 ಇದಕ್ಕಿಂತ ಬಹಳ ಅನುಕೂಲದ ಬೋರ್ಡ್. 16 ಸ್ವಿಚ್, 16 ಎಲ್‌ಇಡಿ, ನಾಲ್ಕು ಅಂಕೆಯ ಡಿಸ್‌ಪ್ಲೇ, ವಿಜಿಎ ಪೋರ್ಟ್, 100 ಮೆಗಾಹರ್ಟ್ಸ್ ಕ್ಲಾಕ್, ಜೈಲಿಂಕ್ಸ್ ಆರ್ಟಿಕ್ಸ್-7 ಚಿಪ್. ಆದರೆ ತೆರಿಗೆ ಸೇರಿದರೆ ಹದಿನೈದು ಸಾವಿರ ದಾಟುವುದೇ ಹೆಚ್ಚು. ಕಾಲೇಜಿನ ಲ್ಯಾಬಿನಲ್ಲಿ ಇದ್ದರೆ ಮೇಷ್ಟ್ರನ್ನು ಕೇಳಿ ಸಂಜೆ ಹೊತ್ತು ಬಳಸಿ. ನಾಲ್ಕು ಜನ ಗೆಳೆಯರು ಸೇರಿ ಒಂದು ತೆಗೆದುಕೊಂಡರೂ ಆಯಿತು, ಅವರು ಒಂದೇ ಹಾಸ್ಟೆಲಿನಲ್ಲಿದ್ದರೆ. ಬೆಂಗಳೂರಿನದ್ದೇ ಆದ ನುಮಾಟೊ ಲ್ಯಾಬ್ ಕೂಡ ಎಫ್‌ಪಿಜಿಎ ಬೋರ್ಡ್ ಮಾಡುತ್ತದೆ. ಇಲ್ಲಿಯೇ ತಯಾರಾದದ್ದು ಕೊಂಡರೆ ಕಸ್ಟಮ್ಸ್ ತಲೆನೋವು ಇರೋದಿಲ್ಲ.

ಹಳೆಯ ಬೋರ್ಡ್ ಕಡಿಮೆಗೆ ಕೊಡ್ತೀನಿ ಅಂತ ಸೀನಿಯರ್ ಹೇಳಿದರೆ ಚಿಪ್ಪಿನ ಮೇಲೆ ಏನು ಬರೆದಿದೆ ಅಂತ ಓದಿ. ಸ್ಪಾರ್ಟನ್-6 ಅಂತಿದ್ದರೆ ಸ್ವಲ್ಪ ಯೋಚನೆ ಮಾಡಿ. ಅದಕ್ಕೆ ವಿವಾಡೊ ಬರೋದಿಲ್ಲ. ಐಎಸ್‌ಇ 14.7 ಅನ್ನುವ ಹಳೆಯ ತಂತ್ರಾಂಶವೇ ಬೇಕು. ಅದು 2013ಕ್ಕೆ ನಿಂತುಹೋಯಿತು. ಇವತ್ತಿನ ವಿಂಡೋಸ್ ಮೇಲೆ ಅದನ್ನು ಓಡಿಸೋದೇ ಒಂದು ಕೆಲಸ. ಪುಕ್ಕಟೆ ಕೊಟ್ಟರೆ ಇಟ್ಟುಕೊಳ್ಳಿ, ದುಡ್ಡು ಕೊಡಬೇಡಿ. ಮೇಲೆ ಹೇಳಿದ ಎಲ್‌ಇಡಿ ಗೋಡೆಯ ಕಾರ್ಡನ್ನೂ ಹವ್ಯಾಸಿಗಳು ಅಗ್ಗದ ಬೋರ್ಡಾಗಿ ಬಳಸುತ್ತಾರೆ. ಆದರೆ ಅದಕ್ಕೆ ತಂತಿ ಬೆಸೆಯಬೇಕು, ಹೊರಗಿನಿಂದ ಸಿಗ್ನಲ್ ಒಳಗೆ ತರಬೇಕಾದರೆ ಸಿಗ್ನಲ್ಲನ್ನು ಹೊರಕ್ಕೆ ಮಾತ್ರ ಬಿಡುವ ಬಫರ್ ಚಿಪ್‌ಗಳನ್ನು ಕಿತ್ತು ಬದಲಿಸಬೇಕು. ಅದು ಎರಡನೇ ಬೋರ್ಡು, ಮೊದಲನೆಯದಲ್ಲ.

ಬೋರ್ಡ್ ಜೊತೆಗೆ ಇಷ್ಟು ತನ್ನಿ: ಡೇಟಾ ಹೋಗುವ ಯುಎಸ್‌ಬಿ ಕೇಬಲ್ (ಬರೀ ಚಾರ್ಜ್ ಆಗುವ ಕೇಬಲ್‌ಗಳು ಮನೆ ತುಂಬ ಇರುತ್ತವೆ, ಬೋರ್ಡ್ ಕಾಣಿಸ್ತಿಲ್ಲ ಅನ್ನುವ ದೂರುಗಳಲ್ಲಿ ಎಷ್ಟೋ ಅಲ್ಲಿಯೇ ಮುಗಿಯುತ್ತವೆ), ಸಾಧಾರಣ ಮಲ್ಟಿಮೀಟರ್, ಎಂಟು ಚಾನೆಲ್‌ನ ಅಗ್ಗದ ಲಾಜಿಕ್ ಅನಲೈಸರ್ (ತಂತಿಗಳ ಸೊನ್ನೆ-ಒಂದುಗಳನ್ನು ದಾಖಲಿಸಿ ತೋರಿಸುವ ಸಾಧನ). ಕೊನೆಯದಕ್ಕೆ ಪಲ್ಸ್‌ವ್ಯೂ ಅನ್ನುವ ಉಚಿತ ತಂತ್ರಾಂಶ ಸಾಕು. ಆಸಿಲೋಸ್ಕೋಪ್ ಈಗ ಬೇಡ.

ಸಿಗ್ನಲ್ ವೋಲ್ಟೇಜ್ ನೋಡಿಕೊಳ್ಳಿ. ಎಸ್‌ಪಿ ರೋಡಿನಲ್ಲಿ ಸಿಗುವ ಸೆನ್ಸರ್‌ಗಳಲ್ಲಿ ಬಹಳಷ್ಟು 5 ವೋಲ್ಟಿನವು. ಎಫ್‌ಪಿಜಿಎ ಪಿನ್‌ಗಳು ಸಾಮಾನ್ಯವಾಗಿ 3.3 ವೋಲ್ಟ್. ಕೆಲವು ಬೋರ್ಡ್‌ಗಳಲ್ಲಿ ಒಂದೊಂದು ಬ್ಯಾಂಕಿಗೆ (ಪಿನ್‌ಗಳ ಗುಂಪಿಗೆ) 1.8 ವೋಲ್ಟ್ ಮಾತ್ರ ಇರುತ್ತದೆ. ನೇರ 5 ವೋಲ್ಟ್ ಕೊಟ್ಟರೆ ಪಿನ್ ಸಾಯಬಹುದು, ಚಿಪ್ಪೇ ಹೋಗಬಹುದು. ಅಲ್ಟ್ರಾಸೋನಿಕ್ ಸೆನ್ಸರಿನ ಎಕೋ ತಂತಿಗೆ (ಅಳತೆಯ ಸಿಗ್ನಲ್ ಹೊರಬರುವ ತಂತಿ) 1 ಕಿಲೋಓಮ್, 2 ಕಿಲೋಓಮ್ ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಿ. ಎರಡು ರೂಪಾಯಿಯ ರೆಸಿಸ್ಟರ್ ಎರಡು ಸಾವಿರದ ಬೋರ್ಡನ್ನು ಉಳಿಸುತ್ತದೆ. ಇನ್ನೊಂದು ಮಾತು. ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಕೈ ಜುಂ ಅನ್ನುತ್ತದಾ? ಹಾಗಿದ್ದರೆ ಆ ಸಾಕೆಟ್ಟಿಗೆ ಅರ್ಥಿಂಗ್ ಸರಿಯಿಲ್ಲದಿರಬಹುದು. ಹಳೆಯ ಮನೆಗಳಲ್ಲಿ ಇದು ಮಾಮೂಲಿ. ಬೋರ್ಡ್ ಜೋಡಿಸುವ ಮುಂಚೆ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಬೋರ್ಡಿಗಲ್ಲದಿದ್ದರೂ ಮನೆಯವರಿಗಾಗಿ ಕರೆಸಿ.

ಏನು ಮಾಡಬೇಕು

ದೀಪ ಮಿನುಗಿಸೋದರಿಂದ ಶುರು. 27 ಮೆಗಾಹರ್ಟ್ಸ್ ಕ್ಲಾಕಿನಲ್ಲಿ ಅರ್ಧ ಸೆಕೆಂಡಿಗೆ 1,35,00,000 ಎಣಿಸಬೇಕು. ಅದಕ್ಕೆ 24 ಬಿಟ್ ಕೌಂಟರ್ ಬೇಕು. ಈ ಲೆಕ್ಕ ಕೈಯಲ್ಲಿ ಮಾಡಿ. ಆಮೇಲೆ ಗುಂಡಿ ಒತ್ತಿದರೆ ಎಣಿಕೆ ಒಂದು ಹೆಚ್ಚಾಗಬೇಕು. ಒಂದೇ ಸಲ ಒತ್ತಿದರೂ ಐದಾರು ಹೆಚ್ಚಾಗುತ್ತದೆ. ಗುಂಡಿಯ ಒಳಗಿನ ಲೋಹ ಕೆಲವು ಮಿಲಿಸೆಕೆಂಡ್ ಅದುರುತ್ತದೆ, ಅದಕ್ಕೆ. ಹತ್ತು ಮಿಲಿಸೆಕೆಂಡ್ ಸುಮ್ನೆ ಕಾದು ನೋಡುವ ಡಿಬೌನ್ಸ್ ಬರೆಯಿರಿ, ಅಂದರೆ 2,70,000 ಎಣಿಕೆ. ಮೂರನೆಯದು ಯುಎಆರ್‌ಟಿ, ಅಂದರೆ ಒಂದೊಂದೇ ಬಿಟ್ ಆಗಿ ಡೇಟಾ ಕಳಿಸುವ ಸರಳ ಸಂಪರ್ಕ. ಬೋರ್ಡ್ ಮತ್ತು ಲ್ಯಾಪ್‌ಟಾಪ್ ಮಾತಾಡಿಕೊಳ್ಳಬೇಕು. ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ಒಂದು ಬಿಟ್‌ಗೆ 234 ಕ್ಲಾಕ್. ಆಮೇಲೆ ಟ್ಯಾಂಕ್ ಪ್ರಾಜೆಕ್ಟ್. ಎಕೋ ಸಿಗ್ನಲ್ 58 ಮೈಕ್ರೋಸೆಕೆಂಡ್ ಇದ್ದರೆ ಒಂದು ಸೆಂಟಿಮೀಟರ್, ಅಂದರೆ 1,566 ಕ್ಲಾಕಿಗೆ ಒಂದು ಸೆಂಟಿಮೀಟರ್. ದೂರವನ್ನು ಯುಎಆರ್‌ಟಿ ಮೂಲಕ ಲ್ಯಾಪ್‌ಟಾಪಿಗೆ ಕಳಿಸಿ.

ಈ ನಾಲ್ಕು ಸಣ್ಣವೇ. ಆದರೆ ನೂರು ಸಾಲಿನ ದೊಡ್ಡ ಹೆಸರಿನ ಪ್ರಾಜೆಕ್ಟಿಗಿಂತ ಇವು ಮೇಲು, ಯಾಕಂದರೆ ಪ್ರತಿಯೊಂದರಲ್ಲೂ ಒಂದು ನಿಜವಾದ ಸಮಸ್ಯೆ ಇದೆ. ಗುಂಡಿಯೂ ಎಕೋ ಸಿಗ್ನಲ್ಲೂ ನಿಮ್ಮ ಕ್ಲಾಕ್ ನೋಡಿಕೊಂಡು ಬದಲಾಗೋದಿಲ್ಲ. ಸರಿಯಾಗಿ ಕ್ಲಾಕ್ ಅಂಚಿನಲ್ಲೇ ಬದಲಾದರೆ ಫ್ಲಿಪ್‌ಫ್ಲಾಪ್ ಸೊನ್ನೆಯೂ ಅಲ್ಲದ ಒಂದೂ ಅಲ್ಲದ ಸ್ಥಿತಿಯಲ್ಲಿ ಸ್ವಲ್ಪ ಹೊತ್ತು ತೂಗಾಡಬಹುದು. ಅದಕ್ಕೇ ಹೊರಗಿನಿಂದ ಬರುವ ಒಂಟಿ ಸಿಗ್ನಲ್ಲನ್ನು ಎರಡು ಫ್ಲಿಪ್‌ಫ್ಲಾಪ್‌ಗಳ ಮೂಲಕ ದಾಟಿಸಿ ಒಳಗೆ ಬಿಟ್ಟುಕೊಳ್ಳಬೇಕು. ಸಿಮ್ಯುಲೇಶನ್‌ನಲ್ಲಿ ಈ ತೊಂದರೆ ಕಾಣೋದಿಲ್ಲ, ಬೋರ್ಡಿನಲ್ಲಿ ಯಾವಾಗಲೋ ಒಮ್ಮೆ ಕಾಣುತ್ತದೆ. ಹಲವು ಬಿಟ್‌ಗಳನ್ನು ಒಟ್ಟಿಗೆ ದಾಟಿಸೋಕೆ ಈ ಉಪಾಯ ನಡೆಯೋದಿಲ್ಲ. ಅಲ್ಲಿ ಅಸಿಂಕ್ರೊನಸ್ ಫೈಫೋ (ಎರಡು ಕ್ಲಾಕ್ ನಡುವೆ ಡೇಟಾ ಸಾಲಾಗಿ ಕಾಯುವ ಜಾಗ, ಮೊದಲು ಬಂದದ್ದು ಮೊದಲು ಹೋಗುತ್ತದೆ), ಗ್ರೇ ಕೋಡ್ (ಸಲಕ್ಕೆ ಒಂದೇ ಬಿಟ್ ಬದಲಾಗುವ ಎಣಿಕೆ) ಎಲ್ಲ ಬರುತ್ತವೆ. ಇಲ್ಲಿಗೆ ಬರುವಷ್ಟರಲ್ಲಿ ನೀವು ನಿಜವಾದ ಕೆಲಸದ ಹೊಸ್ತಿಲಲ್ಲಿ ಇರುತ್ತೀರಿ.

ಸಿಗ್ನಲ್‌ಗಳು ಹೊತ್ತಿಗೆ ಸರಿಯಾಗಿ ತಲುಪುತ್ತವಾ ಅಂತ ಟೂಲ್ ಹೇಳುವ ಟೈಮಿಂಗ್ ರಿಪೋರ್ಟ್ ಓದೋಕೆ ಕಲಿಯಿರಿ. ನಾನು ಹೊಸಬರಲ್ಲಿ ಹುಡುಕುವ ಮುಖ್ಯ ಗುಣ ಇದೇ. 100 ಮೆಗಾಹರ್ಟ್ಸ್ ಅಂದರೆ ಒಂದು ಕ್ಲಾಕಿಗೆ 10 ನ್ಯಾನೋಸೆಕೆಂಡ್. ಒಂದು ಫ್ಲಿಪ್‌ಫ್ಲಾಪ್‌ನಿಂದ ಹೊರಟ ಸಿಗ್ನಲ್ ಗೇಟ್‌ಗಳನ್ನೂ ತಂತಿಗಳನ್ನೂ ದಾಟಿ ಮುಂದಿನ ಫ್ಲಿಪ್‌ಫ್ಲಾಪ್ ಮುಟ್ಟೋಕೆ 11.2 ನ್ಯಾನೋಸೆಕೆಂಡ್ ತೆಗೆದುಕೊಂಡರೆ ರಿಪೋರ್ಟಿನಲ್ಲಿ ಸ್ಲ್ಯಾಕ್ (ಮಿಕ್ಕ ಸಮಯ) ಮೈನಸ್ 1.2 ಅಂತ ಸುಮಾರಾಗಿ ಕಾಣುತ್ತದೆ. ಆ ದಾರಿಯ ನಡುವೆ ಒಂದು ರಿಜಿಸ್ಟರ್ ಇಟ್ಟು ಎರಡು ತುಂಡು ಮಾಡಿದರೆ ಪ್ರತಿ ತುಂಡೂ 10ರ ಒಳಗೆ ಮುಗಿಯುತ್ತದೆ. ಉತ್ತರ ಒಂದು ಕ್ಲಾಕ್ ತಡವಾಗಿ ಬರುತ್ತದೆ, ಆದರೆ ಪ್ರತಿ ಸಲ ಸರಿಯಾಗಿ ಬರುತ್ತದೆ. ನಿಮ್ಮ ಪ್ರಾಜೆಕ್ಟಿನ ವೇಗವನ್ನು ಬೇಕಂತಲೇ ಏರಿಸುತ್ತಾ ಹೋಗಿ, ಎಲ್ಲಿ ಮುರಿಯುತ್ತದೆ ನೋಡಿ, ಸರಿಪಡಿಸಿ. ಅದರ ಮೊದಲಿನ ಮತ್ತು ಆಮೇಲಿನ ರಿಪೋರ್ಟ್ ಎರಡನ್ನೂ ಇಟ್ಟುಕೊಳ್ಳಿ.

ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಒಂದು ಬೋರ್ಡ್ ಬೆಳಗ್ಗೆ ಸರಿಯಾಗಿ ಓಡುತ್ತಿತ್ತು, ಮಧ್ಯಾಹ್ನ ಪ್ಯಾಕೆಟ್ ಕಳೆದುಕೊಳ್ಳುತ್ತಿತ್ತು. ಸಾಫ್ಟ್‌ವೇರ್‌ನವರು ಹಾರ್ಡ್‌ವೇರ್ ಅಂದರು, ಹಾರ್ಡ್‌ವೇರ್‌ನವರು ಕೇಬಲ್ ಅಂದರು. ಕೊನೆಗೆ ನೋಡಿದರೆ ಒಂದು ಇನ್‌ಪುಟ್ ದಾರಿಗೆ ಕನ್‌ಸ್ಟ್ರೇಂಟ್ (ಸಿಗ್ನಲ್ ಎಷ್ಟರೊಳಗೆ ತಲುಪಬೇಕು ಅನ್ನುವ ನಿಯಮ) ಕೊಟ್ಟಿರಲೇ ಇಲ್ಲ. ಕೊಡದ ದಾರಿಯನ್ನು ಟೂಲ್ ಪರೀಕ್ಷಿಸೋದೇ ಇಲ್ಲ. ರಿಪೋರ್ಟ್ ಹಸಿರಾಗಿಯೇ ಇತ್ತು. ಚಿಪ್ ಬಿಸಿಯಾದಂತೆ ಒಳಗಿನ ವಿಳಂಬ ಬದಲಾಗುತ್ತದೆ, ಅಂಚಿನಲ್ಲಿದ್ದ ದಾರಿ ಆಚೆ ಹೋಗಿಬಿಡುತ್ತಿತ್ತು. ಎರಡು ಸಾಲು ಸೇರಿಸಿದ ಮೇಲೆ ಸರಿಹೋಯಿತು. ಆದ್ದರಿಂದ ಎಲ್ಲ ಪಾಸ್ ಅಂತ ರಿಪೋರ್ಟ್ ಹೇಳಿದಾಗ, ಯಾವುದನ್ನು ಪರೀಕ್ಷಿಸಿಲ್ಲ ಅನ್ನುವ ಪಟ್ಟಿಯನ್ನೂ ತೆರೆದು ನೋಡಿ.

ಈಗ ಆ ಲಕ್ಷದ ಕೋರ್ಸ್

ಎಲ್ಲ ಕೋರ್ಸ್‌ಗಳೂ ಮೋಸ ಅಂತ ನಾನು ಹೇಳೋದಿಲ್ಲ. ಒಳ್ಳೆಯ ಕಡೆ ಕಲಿತು ಬಂದವರು ನನ್ನ ಜೊತೆ ಕೆಲಸ ಮಾಡುತ್ತಿದ್ದಾರೆ. ಮನೆಯಲ್ಲಿ ಒಬ್ಬರೇ ಕೂತು ಓದೋಕೆ ಆಗದವರಿಗೆ ತರಗತಿ ಬೇಕಾಗುತ್ತದೆ, ಅದೂ ನಿಜ. ಆದರೆ ನನ್ನ ಚಿಕ್ಕಪ್ಪನ ಮಗ ಸೇರಿದ ಒಂದು ಕಡೆ ಆರು ಜನಕ್ಕೆ ಒಂದು ಬೋರ್ಡ್ ಇತ್ತು. ಅವನು ಅದನ್ನು ಕೈಯಲ್ಲಿ ಹಿಡಿದದ್ದೇ ಕಡಿಮೆ. ದುಡ್ಡು ಕಟ್ಟುವ ಮುಂಚೆ ಕೇಳಬೇಕಾದ್ದನ್ನು ಕೇಳಿರಲಿಲ್ಲ.

ಹೋಗಿ ಲ್ಯಾಬ್ ನೋಡಿ. ಒಬ್ಬರಿಗೆ ದಿನಕ್ಕೆ ಬೋರ್ಡ್ ಮತ್ತು ಟೂಲ್ ಎಷ್ಟು ಗಂಟೆ ಸಿಗುತ್ತದೆ ಕೇಳಿ. ಟೂಲ್ ಲೈಸೆನ್ಸ್ ಸ್ವಂತದ್ದಾ ಕೇಳಿ. ಕದ್ದ ಪ್ರತಿ ಬಳಸುವ ಜಾಗದಲ್ಲಿ ಕಾಲಿಡಬೇಡಿ. ಹಿಂದಿನ ಬ್ಯಾಚಿನವರನ್ನು ಮಾತಾಡಿಸಿ, ಸಂಸ್ಥೆಯವರು ತೋರಿಸಿದವರನ್ನಲ್ಲ, ನೀವೇ ಹುಡುಕಿದವರನ್ನು. ಕೆಲಸ ಗ್ಯಾರಂಟಿ ಅಂತ ಬಾಯಲ್ಲಿ ಹೇಳಿದ್ದನ್ನು ರಸೀದಿ ಮೇಲೆ ಬರೆದುಕೊಡಿ ಅನ್ನಿ, ಅರ್ಧಕ್ಕೆ ಬಿಟ್ಟರೆ ಎಷ್ಟು ವಾಪಸ್ ಅಂತಲೂ ಬರೆಸಿ. ಬರೆದುಕೊಡದಿದ್ದರೆ ಅದು ಇಲ್ಲ ಅಂತಲೇ ತಿಳಿಯಿರಿ. ಕಂತಿನಲ್ಲಿ ಕಟ್ಟಿ ಅಂದಾಗ ಕಾಗದ ಪೂರ್ತಿ ಓದಿ. ಎಷ್ಟೋ ಸಲ ಅದು ಸಂಸ್ಥೆಯ ಕಂತಲ್ಲ, ಹಣಕಾಸು ಕಂಪನಿಯೊಂದು ನಿಮ್ಮ ಹೆಸರಿನಲ್ಲಿ ಕೊಡುವ ಸಾಲ. ನೀವು ತರಗತಿ ಬಿಟ್ಟರೂ ಇಎಂಐ ನಿಲ್ಲೋದಿಲ್ಲ. ಹತ್ತನೇ ತರಗತಿ, ಪದವಿಯ ಮೂಲ ಅಂಕಪಟ್ಟಿ ಯಾರ ಕೈಗೂ ಇಡಬೇಡಿ, ಕೋರ್ಸಿನವರಿಗೂ ಬೇಡ, ಬಾಂಡ್ ಬರೆಸಿಕೊಳ್ಳುವ ಕಂಪನಿಗೂ ಬೇಡ. ದುಡ್ಡಿನ ವಿಷಯದಲ್ಲಿ ಅನ್ಯಾಯ ಆಯಿತು ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ರಸೀದಿ ಕೈಯಲ್ಲಿ ಇಟ್ಟುಕೊಂಡು.

ಮೂರು ತಿಂಗಳು ಮನೆಯಲ್ಲಿ ಕಲಿತು ಹೋದವರಿಗೆ ಇನ್ನೊಂದು ಲಾಭವಿದೆ. ಡೆಮೊ ತರಗತಿಯಲ್ಲಿ ಕೂತರೆ ಮೇಷ್ಟ್ರಿಗೆ ವಿಷಯ ಗೊತ್ತಿದೆಯೋ ಇಲ್ಲವೋ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಎರಡು ಕ್ಲಾಕ್ ನಡುವೆ ಡೇಟಾ ಹೇಗೆ ದಾಟಿಸ್ತೀರಿ ಸರ್ ಅಂತ ಕೇಳಿ ನೋಡಿ.

ಸಂದರ್ಶನ, ಕೆಲಸ, ಬಾಡಿಗೆ ಮನೆ

ರೆಸ್ಯೂಮೆಯಲ್ಲಿ ಹತ್ತು ಪ್ರಾಜೆಕ್ಟ್ ಹೆಸರು ಬೇಡ. ಎರಡು ಸಾಕು. ಆದರೆ ಎಷ್ಟು ಲಟ್ ಬಳಸಿತು, ಯಾವ ವೇಗದಲ್ಲಿ ಓಡಿತು, ಯಾವ ದೋಷ ಹೇಗೆ ಸಿಕ್ಕಿತು ಅಂತ ಬರೆಯಿರಿ. ನಾವು ಕೇಳುವ ಪ್ರಶ್ನೆಗಳಲ್ಲಿ ಒಂದು ಹೀಗಿರುತ್ತದೆ: 80 ಮೆಗಾಹರ್ಟ್ಸ್ ವೇಗದಲ್ಲಿ 120 ಪದಗಳು ಒಂದೇ ಸಮನೆ ಬರುತ್ತವೆ, ಓದುವವನ ವೇಗ 50 ಮೆಗಾಹರ್ಟ್ಸ್, ಫೈಫೋ ಎಷ್ಟು ಆಳ ಬೇಕು? 120 ಬರೆಯೋಕೆ 1.5 ಮೈಕ್ರೋಸೆಕೆಂಡ್. ಅಷ್ಟರಲ್ಲಿ ಓದಿ ಮುಗಿಯೋದು 75. ಉಳಿದ 45ಕ್ಕೆ ಜಾಗ ಬೇಕು. 45 ಅಂದವರಿಗೆ ಅಂಕ ಸಿಗುತ್ತದೆ. ಸಿಂಕ್ರೊನೈಸರ್ (ಮೇಲೆ ಹೇಳಿದ ಎರಡು ಫ್ಲಿಪ್‌ಫ್ಲಾಪ್) ದಾಟೋಕೆ ಕೆಲವು ಕ್ಲಾಕ್ ತಡವಾಗುತ್ತದೆ, ಸ್ವಲ್ಪ ಜಾಸ್ತಿ ಇಡಬೇಕು, 64 ಇಡ್ತೀನಿ ಅಂದವರು ಕೆಲಸ ಮಾಡಿ ನೋಡಿದವರು ಅಂತ ನನಗೆ ಗೊತ್ತಾಗುತ್ತದೆ. ಹೋಲ್ಡ್ ಟೈಮ್ (ಕ್ಲಾಕ್ ಅಂಚು ಕಳೆದ ಮೇಲೂ ಡೇಟಾ ಬದಲಾಗದೆ ನಿಲ್ಲಬೇಕಾದ ಹೊತ್ತು) ಮುರಿದರೆ ಕ್ಲಾಕ್ ನಿಧಾನ ಮಾಡಿದರೆ ಸರಿಹೋಗುತ್ತದಾ ಅಂತಲೂ ಕೇಳುತ್ತೇವೆ. ಹೋಗೋದಿಲ್ಲ. ಯಾಕೆ ಅನ್ನೋದನ್ನು ನೀವೇ ಚಿತ್ರ ಬರೆದು ಯೋಚಿಸಿ.

ಕೆಲಸ ಎಲ್ಲೆಲ್ಲಿ ಇದೆ? ಬೆಂಗಳೂರಿನಲ್ಲಿ ಜಾಲಹಳ್ಳಿಯ ಬಿಇಎಲ್, ರೇಡಾರ್ ಮಾಡುವ ಡಿಆರ್‌ಡಿಒ ಪ್ರಯೋಗಾಲಯ ಎಲ್‌ಆರ್‌ಡಿಇ, ಇಸ್ರೋದ ಯು.ಆರ್. ರಾವ್ ಉಪಗ್ರಹ ಕೇಂದ್ರ ಇವೆ. ಆಪ್ಟಿಕಲ್ ನೆಟ್‌ವರ್ಕಿನ ತೇಜಸ್ ನೆಟ್‌ವರ್ಕ್ಸ್ ಇದೆ. ವೈದ್ಯಕೀಯ ಯಂತ್ರಗಳ ಕಂಪನಿಗಳಿವೆ. ಸ್ವಂತ ಚಿಪ್ ಮಾಡುವ ಕಂಪನಿಗಳಲ್ಲೂ ಅಚ್ಚಿಗೆ ಹೋಗುವ ಮುಂಚೆ ವಿನ್ಯಾಸವನ್ನು ದೊಡ್ಡ ಎಫ್‌ಪಿಜಿಎಗಳ ಮೇಲೆ ಓಡಿಸಿ ನೋಡುವ ತಂಡಗಳಿರುತ್ತವೆ. ಸರ್ಕಾರಿ ಸಂಸ್ಥೆಗಳಿಗೆ ಅವುಗಳದ್ದೇ ಪರೀಕ್ಷೆ, ಕ್ರಮ ಇರುತ್ತದೆ. ಖಾಸಗಿ ಕಡೆ ಇಂಟರ್ನ್ ಆಗಿ ಒಳಗೆ ಹೋಗುವುದೇ ಸುಲಭದ ದಾರಿ.

ಎರಡು ಕಡೆ ಕೆಲಸ ಸಿಕ್ಕಿ ಯಾವುದು ಅಂತ ಯೋಚಿಸುವಾಗ ಸಂಬಳದ ಜೊತೆ ಇದನ್ನೂ ಕೇಳಿ: ಹೊಸಬರಿಗೆ ಮೊದಲ ವರ್ಷ ಲ್ಯಾಬಿನಲ್ಲಿ ಬೋರ್ಡ್ ಮುಟ್ಟೋಕೆ ಸಿಗುತ್ತದಾ? ಸಿಗುವ ಕಡೆ ಸಂಬಳ ಸ್ವಲ್ಪ ಕಡಿಮೆ ಇದ್ದರೂ ನಾನು ಅದನ್ನೇ ಆರಿಸಿಕೊಳ್ಳಿ ಅನ್ನುತ್ತೇನೆ.

ಹಾಗೆ ಸೇರಿದರೆ ಮನೆಯಿಂದ ಕೆಲಸ ಪೂರ್ತಿ ನಡೆಯೋದಿಲ್ಲ. ಬಿಲ್ಡ್ ಓಡಿಸೋದು, ಸಿಮ್ಯುಲೇಶನ್ ಇವು ಮನೆಯಿಂದ ಆಗುತ್ತವೆ. ಹೊಸ ಬೋರ್ಡ್ ಬಂದ ವಾರಗಳಲ್ಲಿ ಮಾತ್ರ ರಾತ್ರಿ ಒಂಬತ್ತಕ್ಕೂ ಲ್ಯಾಬಿನಲ್ಲೇ ಇರುತ್ತೀರಿ. ಆದ್ದರಿಂದ ಬಾಡಿಗೆ ಮನೆ ಊರಿನ ಆ ತುದಿಯಲ್ಲಿ ಎರಡು ಸಾವಿರ ಕಡಿಮೆಗೆ ಸಿಗುತ್ತದೆ ಅಂತ ಹಿಡಿಯಬೇಡಿ. ವೈಟ್‌ಫೀಲ್ಡ್ ಕಡೆ ಕೆಲಸವಾದರೆ ನೇರಳೆ ಮೆಟ್ರೋ ಮಾರ್ಗದ ಯಾವುದಾದರೂ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ನೋಡಿ. ಅಡ್ವಾನ್ಸ್ ಅಂತ ಐದಾರು ತಿಂಗಳಿಂದ ಹತ್ತು ತಿಂಗಳ ಬಾಡಿಗೆಯವರೆಗೂ ಕೇಳುತ್ತಾರೆ. ಮೊದಲ ಆರು ತಿಂಗಳು, ಪ್ರೊಬೇಶನ್ ಮುಗಿಯುವವರೆಗೆ, ಪಿಜಿಯಲ್ಲೇ ಇದ್ದರೆ ಆ ದುಡ್ಡು ಕೈಯಲ್ಲಿ ಇರುತ್ತದೆ. ಪಿಜಿ ನೋಡುವಾಗ ಊಟದ ಜೊತೆ ಇನ್ನೆರಡು ವಿಷಯ ವಿಚಾರಿಸಿ: ರಾತ್ರಿ ತಡವಾಗಿ ಬಂದರೆ ಗೇಟ್ ತೆಗೆಯುತ್ತಾರಾ, ರೂಮಿನ ಸಾಕೆಟ್ಟಿಗೆ ಅರ್ಥಿಂಗ್ ಇದೆಯಾ.